ಬೆಳೆದದ್ದು ನಾನಲ್ಲ, ನಿಮ್ಮ ಕಚೇರಿಯ ನೆಲ

ಔಷಧ ಮಂಜೂರಾತಿ ಅಧಿಕಾರಿಗಳಿಗೆ,

ಮಾನ್ಯರೇ, ನಾಲ್ಕು ತಿಂಗಳ ಹಿಂದೆ ತಾವು ನನ್ನ ಕಡತದ ಮೇಲೆ ‘ನೂರ ಮೂವತ್ತೈದು ಸೆಂಟಿಮೀಟರಿನ ಮಿತಿ ದಾಟಿರುತ್ತಾರೆ, ಬೆಳವಣಿಗೆಯ ಚುಚ್ಚುಮದ್ದು ನಿಲ್ಲಿಸಿ’ ಎಂದು ಬರೆದು ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದೀರಿ. ಸಹಿ ಬಹಳ ಸೊಗಸಾಗಿದೆ. ಎತ್ತರ ಮಾತ್ರ ನನ್ನದಲ್ಲ.

ನನಗೆ ಹದಿನೇಳು ವರ್ಷ. ನೋಡಿದವರು ಒಂಬತ್ತು ಎನ್ನುತ್ತಾರೆ. ಬಸ್ಸಿನ ಕಂಡಕ್ಟರು ಕೇಳದೆಯೇ ಅರ್ಧ ಟಿಕೆಟ್ ಹರಿಯುತ್ತಾರೆ. ನಾನು ರಸಾಯನಶಾಸ್ತ್ರದ ಪುಸ್ತಕ ತೆರೆದರೆ, “ಅಕ್ಕಂದಾ ಪುಟ್ಟಿ?” “ಇಲ್ಲ ಅಂಕಲ್, ಮೊಮ್ಮಗಳದ್ದು.” ಇದಕ್ಕೆಲ್ಲ ಕಾರಣ ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ. ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡುವುದು ಅದರ ಕರ್ತವ್ಯ. ನನ್ನದು ತಮ್ಮ ಕಚೇರಿಯಂತೆ: ಇದೆ, ಬಾಗಿಲೂ ತೆರೆದಿದೆ, ಏನೂ ಹೊರಗೆ ಬರುವುದಿಲ್ಲ.

ಆ ಹಾರ್ಮೋನಿರುವುದು ಮೂಳೆ ಉದ್ದ ಮಾಡುವುದಕ್ಕೆ ಮಾತ್ರ ಎಂದು ತಾವು ತಿಳಿದಂತಿದೆ. ನಾವು ಉಂಡದ್ದರಲ್ಲಿ ಒಂದಿಷ್ಟು ಸಕ್ಕರೆಯನ್ನು ಲಿವರ್ ಗ್ಲೈಕೋಜನ್ ಆಗಿ ಕೂಡಿಟ್ಟುಕೊಂಡು, ಹೊಟ್ಟೆ ಖಾಲಿಯಾದಾಗ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ‘ಸಕ್ಕರೆ ದುಂದು ಮಾಡಬೇಡಿ, ಕೊಬ್ಬು ಸುಡಿ’ ಎಂದು ದೇಹಕ್ಕೆ ತಾಕೀತು ಮಾಡುವವರಲ್ಲಿ ಈ ಹಾರ್ಮೋನೂ ಒಂದು. ಅದಿಲ್ಲದಿದ್ದರೆ ಉಗ್ರಾಣ ಬೇಗ ಬರಿದಾಗುತ್ತದೆ. ಮದ್ದು ನಿಲ್ಲಿಸಿದ್ದೇಕೆಂದು ಕೇಳಲು ಮೂರು ವಾರದ ಹಿಂದೆ, ಟೋಕನ್ನಿಗಾಗಿ ಬೆಳಿಗ್ಗೆ ಆರಕ್ಕೇ ತಿಂಡಿ ಬಿಟ್ಟು ಬಂದ ನಾನು ಹತ್ತೂವರೆಗೆ ಬೆವೆತು, ಕಣ್ಣು ಕತ್ತಲಿಟ್ಟು, ತಮ್ಮ ಅಳತೆಗೋಲಿನ ಬುಡದಲ್ಲೇ ಕುಸಿದದ್ದು ಹೀಗೆ. ಅಮ್ಮ ಬಾಯಿಗೆ ಸಕ್ಕರೆ ಹಾಕುತ್ತಿದ್ದರೆ ಅಟೆಂಡರು, “ಏ, ಇಲ್ಲಿ ತಿನ್ನೋ ಹಾಗಿಲ್ಲಮ್ಮಾ!” ಎಂದು ನಿಯಮಪಾಲನೆ ಮಾಡಿದರು.

ಆದರೆ ಬಿದ್ದದ್ದು ವ್ಯರ್ಥವಾಗಲಿಲ್ಲ. ಹೊಸ ಟೈಲ್ಸಿಗೆ ಕೆನ್ನೆ ಒತ್ತಿ ಮಲಗಿದ್ದವಳಿಗೆ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಆ ಅಳತೆಗೋಲು ಕಣ್ಣಿನ ನೇರಕ್ಕೇ ಕಂಡಿತು. ನೆಲದ ಅಂಚಿನಲ್ಲಿ ಇದ್ದದ್ದು ಸೊನ್ನೆಯಲ್ಲ, ಆರು! ಹಳೆಯ ನೆಲವನ್ನು ಅಗೆಯದೆ ಅದರ ಮೇಲೇ ಗಾರೆ ಸುರಿದು ಟೈಲ್ಸ್ ಹಾಸಿದ್ದೀರಿ. ಕೆಳಗಿನ ಆರು ಸೆಂಟಿಮೀಟರು ನೆಲದೊಳಗೆ ಹೂತುಹೋಗಿದೆ. ನಾನು ನೂರ ಮೂವತ್ತೆರಡು. ತಮ್ಮ ಕಡತದಲ್ಲಿ ನೂರ ಮೂವತ್ತೆಂಟು.

ತಮ್ಮ ಮುಂದೆ ನಿಂತು ಹೇಳಿದೆವಲ್ಲ? “ಅದು ಇಲಾಖೆಯ ಅಳತೆ, ತಪ್ಪೋಕೆ ಸಾಧ್ಯಾನೇ ಇಲ್ಲ” ಎಂದಿರಿ. ನನ್ನಮ್ಮ ಟೈಲರು. “ಸಾರ್, ಇಪ್ಪತ್ತು ವರ್ಷದಿಂದ ಬಟ್ಟೆ ಹೊಲೀತಿದ್ದೀನಿ. ಇವಳು ಅಷ್ಟು ಬೆಳೆದಿದ್ರೆ ಲಂಗದ ಮಡಿಕೆ ಬಿಚ್ಚಬೇಕಿತ್ತು. ನೋಡಿ, ಒಂದು ಹೊಲಿಗೆ ಕಿತ್ತಿಲ್ಲ” ಎಂದಳು. ತಾವು ಲಂಗದ ಕಡೆಗೂ ನೋಡಲಿಲ್ಲ, ಗೋಡೆಯ ಕಡೆಗೂ ನೋಡಲಿಲ್ಲ.

ಆದ್ದರಿಂದ ಮಾರನೆಯ ದಿನ ನಾನು ಸಾರ್ವಜನಿಕ ಹಿತಾಸಕ್ತಿಯಿಂದ ಒಂದು ಪ್ರಯೋಗ ನಡೆಸಿದೆ. ತಮ್ಮ ಗುಮಾಸ್ತರಿಗೆ, “ಅಂಕಲ್, ನೀವು ಯಾಕೋ ಎತ್ತರ ಕಾಣ್ತಿದ್ದೀರಿ” ಎಂದೆ. ಗುರುತಿನ ಚೀಟಿಯಲ್ಲಿ ನೂರ ಅರವತ್ತೆರಡಿದ್ದವರು ಗೋಡೆಗೆ ನಿಂತರೆ ನೂರ ಅರವತ್ತೆಂಟು! ತಕ್ಷಣ ಮನೆಗೆ ಫೋನು: “ಕೇಳಿಲ್ಲಿ, ನಾನು ಬೆಳೆದಿದ್ದೀನಿ! ಇಲ್ಲ, ಕುಡಿದಿಲ್ಲ!” ಸುದ್ದಿ ಹಬ್ಬಿ ನೂಕುನುಗ್ಗಲಾಯಿತು. ನಾನೇ ಟೋಕನ್ ಹರಿದು ಹಂಚಿದೆ. ಕೊನೆಗೆ, ಊಟದ ಬಿಡುವಿನಲ್ಲಿ, ಬೂಟು ಕಳಚಿ ಬಂದವರು ಯಾರು ಮಾನ್ಯರೇ? “ಕೂದಲು ಒತ್ತಬೇಡಮ್ಮಾ, ಹಾಗೇ ಓದು” ಎಂದವರು ಯಾರು?

“ನೂರ ಎಪ್ಪತ್ತೊಂದು ಸಾರ್.”

“ನಿಜವಾಗ್ಲೂ? ಕೆಲಸಕ್ಕೆ ಸೇರುವಾಗ ನೂರ ಅರವತ್ತೈದಿದ್ದೆ!”

“ತಮಗೂ ಚುಚ್ಚುಮದ್ದು ಕೊಡ್ತಿದ್ದಾರಾ ಸಾರ್?”

ಆಗ ತಾವು ಮೊದಲ ಸಲ ಕೆಳಗೆ ನೋಡಿದಿರಿ. ಬೂಟು ಹಾಕಿಕೊಂಡಿರಿ. “ಅರ್ಜಿ ಕೊಡು, ಪರಿಶೀಲಿಸೋಣ” ಎಂದಿರಿ. ಅರ್ಜಿ ಕೊಟ್ಟು ಇಪ್ಪತ್ತು ದಿನವಾಯಿತು. ಪರಿಶೀಲನೆಗೆ ಎಷ್ಟು ಹೊತ್ತು ಬೇಕು? ಬಗ್ಗಿ ನೋಡುವಷ್ಟು. ಅಷ್ಟು ಬಗ್ಗುವುದು ಕಷ್ಟವಾದರೆ ನನ್ನನ್ನು ಕರೆಯಿರಿ, ನಾನು ನೆಲಕ್ಕೆ ಹತ್ತಿರದವಳು.

ಒಂದು ಮಾತು ಮಾತ್ರ ತಮಾಷೆಯದಲ್ಲ. ಮಣಿಕಟ್ಟಿನ ಎಕ್ಸ್‌-ರೇ ನೋಡಿ ಡಾಕ್ಟರಮ್ಮ ಚುಚ್ಚುಮದ್ದು ನಿಂತ ವಾರ ಹೇಳಿದ್ದು ಇಷ್ಟು: “ಮೂಳೆಯ ತುದಿಗಳು ಇನ್ನೂ ತೆರೆದಿವೆ ಮಗಳೇ. ಹೆಚ್ಚೆಂದರೆ ಒಂದೂವರೆ ವರ್ಷ. ಮುಚ್ಚಿದ ಮೇಲೆ ಯಾವ ಮದ್ದೂ ಉದ್ದ ಮಾಡಲ್ಲ.” ಅದರಲ್ಲಿ ನಾಲ್ಕು ತಿಂಗಳನ್ನು ತಮ್ಮ ಹಸಿರು ಶಾಯಿ ಕುಡಿದಿದೆ. ಅಮ್ಮ ಈಗಲೂ ಭಾನುವಾರ ನನ್ನನ್ನು ಟೇಪಿನಲ್ಲಿ ಅಳೆಯುತ್ತಾಳೆ, ಅಂಕಿ ಮಾತ್ರ ಜೋರಾಗಿ ಓದುವುದಿಲ್ಲ.

ಆದಕಾರಣ ನನ್ನ ಬೇಡಿಕೆ: ಈ ವಾರವೇ ನನ್ನ ಚುಚ್ಚುಮದ್ದು ಮತ್ತೆ ಶುರುವಾಗಬೇಕು. ನೆಲ ಎತ್ತರವಾದ ಮೇಲೆ ಅಲ್ಲಿ ನಿಂತ ಪ್ರತಿ ಮಗುವನ್ನೂ ಟೈಲರ್ ಟೇಪಿನಲ್ಲಿ ಮತ್ತೆ ಅಳೆಯಬೇಕು. ಅಮ್ಮ ಬರಲು ಸಿದ್ಧಳಿದ್ದಾಳೆ. ಆ ಗೋಡೆಯನ್ನು ಅಳಿಸಿ ಎಂದು ನಾನು ಕೇಳುವುದಿಲ್ಲ. ಸಿಬ್ಬಂದಿಗೆ ಮೀಸಲಿಡಿ. ಆರು ಸೆಂಟಿಮೀಟರು ತಾವೇ ಇಟ್ಟುಕೊಳ್ಳಿ. ನನ್ನ ಸೂಜಿ ನನಗೆ ಕೊಡಿ.

ಇಂತಿ,
ತಮ್ಮ ಗೋಡೆಯ ಪ್ರಕಾರ ವಾಸಿಯಾಗಿರುವ,
ಅಮ್ಮನ ಟೇಪಿನ ಪ್ರಕಾರ ಅಲ್ಲೇ ನಿಂತಿರುವ,
ಅರ್ಧ ಟಿಕೆಟ್