ಬಿಗಿದ ಕೈಗಳ ಬಗ್ಗೆ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ನೀವು ನನ್ನ ಎದೆ ಸೀಳಿ, ಹೃದಯ ದುರಸ್ತಿ ಮಾಡಿ ಮನೆಗೆ ಕಳಿಸಿದ ಒಂಬತ್ತನೆಯ ದಿನ ನಾನು ನನ್ನ ಹೆಂಡತಿಯ ಮಣಿಕಟ್ಟು ಮುರಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷ; ಅದುವರೆಗೆ ಅವಳ ಮೇಲೆ ಕೈ ಎತ್ತಿದವನಲ್ಲ. ಮುರಿದ ಪಾಪ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಈ ಕೈಗಳಿಗೆ ಭಯ ಕಲಿಸಿದ್ದು ನಿಮ್ಮ ತೀವ್ರ ನಿಗಾ ಘಟಕ.

ನಾನು ಸಾಮಿಲ್ಲಿನಲ್ಲಿ ಮರ ಕೊಯ್ಯುವವನು. ಗರಗಸದ ಸದ್ದಿಗೆ ಕಿವಿ ಮುಕ್ಕಾಲು ಹೋಗಿದೆ. ಕನ್ನಡಕ ತೆಗೆದರೆ ಎದುರಿಗಿದ್ದವರ ಗುರುತು ಸಿಗುವುದಿಲ್ಲ. ಆಪರೇಷನ್ನಿಗೆ ಮುಂಚೆ ಕನ್ನಡಕ, ಕಿವಿಯ ಮಿಷನ್ನು ಎರಡನ್ನೂ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿರಿ, ಸರಿ. ಎಚ್ಚರವಾದ ಮೇಲೂ ನಾಲ್ಕು ದಿನ ಕೊಡಲಿಲ್ಲವಲ್ಲ, ಅದು ಯಾವ ವೈದ್ಯಶಾಸ್ತ್ರ? ಬಾಯಲ್ಲಿ ಕೊಳವೆ, ಸುತ್ತ ಮುಖವಿಲ್ಲದ ಹಸಿರು ಬಟ್ಟೆಗಳು. ಗಾಬರಿಯಲ್ಲಿ ಕೊಳವೆಗೆ ಕೈ ಹಾಕಿದೆ. ನಿಮ್ಮವರು ಎರಡೂ ಕೈಗಳನ್ನು ಮಂಚದ ಕಂಬಿಗೆ ಬಿಗಿದರು. ಸ್ವಾಮಿ, ನಮ್ಮ ಕಸುಬಿನಲ್ಲಿ ದಿಮ್ಮಿಯನ್ನು ಅಲುಗದಂತೆ ಬಿಗಿಯುವುದು ಯಾವಾಗ ಗೊತ್ತೇ? ಕೊಯ್ಯುವುದಕ್ಕೆ ಮುಂಚೆ. ಕೊಯ್ದು ಮುಗಿದಿದೆ ಎಂದು ನನಗೆ ಕೇಳಿಸುವಂತೆ ಯಾರೂ ಹೇಳಲಿಲ್ಲ. ಈಗ ಗರಗಸ ಬರುತ್ತದೆ ಎಂದೇ ನಂಬಿದೆ. ಸಿಕ್ಕವರನ್ನು ಒದ್ದೆ. ಕೊಳವೆ ತೆಗೆದ ಮೇಲೆ ಸಿಸ್ಟರೊಬ್ಬರ ಬೆರಳನ್ನು ರಕ್ತ ಬರುವಂತೆ ಕಚ್ಚಿದೆ. ಆ ತಾಯಿಗೆ ಇಲ್ಲಿಂದಲೇ ಕೈಮುಗಿದು ಕ್ಷಮೆ ಕೇಳುತ್ತೇನೆ.

ನಿಮ್ಮ ಕಡತದಲ್ಲಿ ನಾನು 'ಸಹಕರಿಸದ ರೋಗಿ'. ಹೊರಗೆ ನನ್ನ ಹೆಂಡತಿ ಕಾವಲುಗಾರನನ್ನು ಬೇಡಿದಳಂತೆ: "ಒಂದೇ ನಿಮಿಷ ಬಿಡಪ್ಪಾ, ಕನ್ನಡಕ ಹಾಕ್ಬಿಟ್ಟು ಬರ್ತೀನಿ. ನನ್ನ ಮುಖ ಕಂಡ್ರೆ ಸುಮ್ನಾಗ್ತಾರೆ."

"ರೂಲ್ಸ್ ಇಲ್ಲಮ್ಮಾ. ವಾರ್ಡಿಗೆ ಬಂದ್ಮೇಲೆ ನೋಡ್ಕೊಳ್ಳಿ."

ಸೋಂಕಿನ ಭಯವಂತೆ. ಕೈ ಕಟ್ಟುವ ಪಟ್ಟಿಗೆ ತಗಲದ ಸೋಂಕು ಕನ್ನಡಕದ ಗಾಜಿಗೆ ಮಾತ್ರ ತಗಲುತ್ತದೆಯೇ?

ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಉಪ್ಪೆಷ್ಟು, ಎಣ್ಣೆಯೆಷ್ಟು, ಮೆಟ್ಟಿಲೆಷ್ಟು ಎಲ್ಲವೂ ಇತ್ತು. ಕಣ್ಣು ಮುಚ್ಚಿದರೆ ಗರಗಸ ಬರುತ್ತದೆ ಎಂದು ನಿಮ್ಮ ಡಾಕ್ಟರಿಗೆ ಹೇಳಿದೆ. "ಹಾರ್ಟ್ ಫಸ್ಟ್ ಕ್ಲಾಸ್ ಆಗಿದೆ ಯಜಮಾನ್ರೇ, ಗಂಡಸಾಗಿ ಹೆದರ್ತೀರಾ?" ಎಂದು ನಕ್ಕರು. ಅದಾದ ಮೇಲೆ ಒಂದು ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಹೊಲಿಗೆ ಬಿಡದಂತೆ ನೀವು ಕಟ್ಟಿ ಕಳಿಸಿದ್ದ ಎದೆಪಟ್ಟಿ ಸಡಿಲವಾಗಿತ್ತು, ಹೆಂಡತಿ ಅದನ್ನು ಎಳೆದು ಬಿಗಿದಳು. ಅವಳು ಚೀರಿದಾಗಲೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಅವಳನ್ನು ಗೋಡೆಗೆ ಅಪ್ಪಳಿಸಿ, ದಿಮ್ಮಿ ಹೊರಳಿಸುವ ಕೈಯಿಂದ ಅವಳ ಕೈ ತಿರುಚಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಎರಡು ಹೊಲಿಗೆ ಬಿಟ್ಟಿದ್ದವು. ನಿಮ್ಮವರು ಅವನ್ನು ಹೊಲಿದರು, ಅವಳಿಗೆ ಪ್ಲಾಸ್ಟರ್ ಹಾಕಿದರು. ಹೀಗೇಕಾಯಿತು ಎಂದು ಒಬ್ಬರೂ ಕೇಳಲಿಲ್ಲ.

ರೋಗಿಗೆ ಎಚ್ಚರವಾದೊಡನೆ ಅವನ ಕಣ್ಣು, ಕಿವಿ ಅವನಿಗೆ ಕೊಡಿ. ಹಗಲು ಮನೆಯವರೊಬ್ಬರನ್ನು ಮಂಚದ ಪಕ್ಕ ಕೂರಲು ಬಿಡಿ. ಮನಸ್ಸೂ ಕದಡಬಹುದೆಂದು ಮುಂಚೆಯೇ ತಿಳಿಸಿ. ಕದಡಿದವರ ಮಾತು ಕೇಳಲು ನಗದೆ ಇರಬಲ್ಲ ಒಬ್ಬರನ್ನು ನೇಮಿಸಿ. ಇಷ್ಟನ್ನೂ ಆದೇಶವಾಗಿ ಬರೆದು ನಿಮ್ಮ ಸಹಿ ಬೀಳುವವರೆಗೆ ಪ್ರತಿ ಸೋಮವಾರ ನಿಮ್ಮ ಕೋಣೆಯ ಮುಂದೆ ಬಂದು ಕೂರುತ್ತೇನೆ. ಎಬ್ಬಿಸಲು ಬಂದವರು ಮುಟ್ಟುವ ಮುಂಚೆ ಮಾತಾಡಿಸಲಿ.

ಈಗ ನನ್ನವಳು ಮಾತ್ರೆ ತಂದರೆ ಹೊಸ್ತಿಲಲ್ಲೇ ನಿಂತು ಕೂಗಿ ಕೇಳುತ್ತಾಳೆ: "ರೀ, ನಾನು. ಒಳಗೆ ಬರ್ಲಾ?" ನಾನು ಎರಡೂ ಕೈಗಳನ್ನು ಹೊದಿಕೆಯ ಮೇಲೆ ಅವಳಿಗೆ ಕಾಣುವಂತೆ ಇಡುತ್ತೇನೆ. ಆಮೇಲೆ ಬರುತ್ತಾಳೆ.

ಇಂತಿ,
ಗುಣಮುಖನಾಗಿದ್ದಾನೆಂದು ನೀವು ಬರೆದುಕೊಟ್ಟವನು