ಸೋಮನ ಕಂಬಳಿ

ಮಕ್ತಲ್,
೪ ಫೆಬ್ರವರಿ ೨೦೨೫

ಪೂಜ್ಯ ಮಾವನವರಿಗೆ ಸುನಿತಾಳ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಅಲಂಪುರದ ಕಡೆ ಹೊಳೆದಂಡೆಯಲ್ಲಿ ಬೆಳಗಿನ ಚಳಿ ಇನ್ನೂ ಇರಬೇಕು. ಮಲಗುವಾಗ ತಲೆಗೆ ಬಿಗಿಯಾಗಿ ಸುತ್ತಿಕೊಳ್ಳಿ ಎಂದು ಅತ್ತೆ ಹೇಳಿದ್ದಾರೆ. ಹೇಳಿದ್ದಾರೆ ಎನ್ನುವುದಕ್ಕಿಂತ ಗದರಿದ್ದಾರೆ ಎಂದರೆ ಸರಿ. ಮೈದುನ ಶೇಖರನ ಕೈಯಲ್ಲಿ ಜೋಳದ ಹಿಟ್ಟು, ಖಾರದಪುಡಿಯ ಜೊತೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಕುರಿಗಳು ನೆರಳಿಗೆ ನಿಂತಾಗ ನಿಧಾನವಾಗಿ ಓದಿ.

ನಿಮ್ಮ ನಾಯಿ ಸೋಮನ ಸುದ್ದಿ ಮೊದಲು. ಕಾಡುಹಂದಿ ತಿವಿದು ಹಿಂಗಾಲು ಕುಂಟುತ್ತಿದ್ದ ಅದನ್ನು ದೀಪಾವಳಿ ಆದಮೇಲೆ ನೀವು ಟೆಂಪೋದಲ್ಲಿ ಮನೆಗೆ ಕಳಿಸಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕರುವಿನಷ್ಟು ಎತ್ತರ, ಅಷ್ಟು ದೊಡ್ಡ ತಲೆ. ಮನೆಯಲ್ಲಿ ಎರಡು ವರ್ಷದ ಕೂಸು. "ಕಾಲು ಸುಧಾರಿಸೂ ತನಕ ಇರಲಿ, ಆಮ್ಯಾಲ ಹಿಂಡಿಗೆ ಕಳಸ್ರಿ" ಎಂದು ಹೇಳಿ ಕಳಿಸಿದ್ದಿರಿ. ಅಲ್ಲಿಯ ತನಕವೂ ಬೇಡ ಎಂದು ನಾನು ಇವರ ಮುಂದೆ ಕಣ್ಣೀರು ಹಾಕಿದೆ. ಬಯಲಲ್ಲಿ ಬೆಳೆದ ಅದಕ್ಕೆ ಹೊಸ್ತಿಲು, ಅಡುಗೆಮನೆ ಒಂದೂ ಗೊತ್ತಿಲ್ಲ. ರೊಟ್ಟಿ ಕಂಡರೆ ಮುಂಗಾಲು ಎತ್ತಿ ಮೈಮೇಲೆ ಬರುವುದು. ಹಾಲಿನ ಬುಚ್ಚಮ್ಮ ಹಾಲನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಓಡುತ್ತಿದ್ದಳು. ನಮ್ಮ ಅಕ್ಷಿತಾಳನ್ನು ಕೆಡವಿದ ದಿನ ಇವರು "ಇನ್ನೊಮ್ಮಿ ಹಿಂಗಾತಂದ್ರ ಐಜದಾಗ ಯಾವುದಾರ ಹತ್ತಿ ಮಿಲ್ಲಿಗೆ ಕೊಟ್ಟುಬಿಡ್ತೀನಿ, ಸರಪಳಿ ಹಾಕಿ ಕಟ್ಟತಾರ" ಎಂದರು. ನಾನೊಮ್ಮೆ ಕೋಲು ಎತ್ತಿದ್ದಕ್ಕೆ ಅತ್ತೆ ಅದನ್ನು ಕಸಿದುಕೊಂಡರು. "ಮೈಲಾರಯ್ಯ ದೇವ್ರ ನಾಯಿ ಅದು. ಹೊಡಿಬ್ಯಾಡ, ತಿಳಿಸಿ ಹೇಳು." ನಾಯಿಗೆ ತಿಳಿಸಿ ಹೇಳುವುದು ಹೇಗೆ, ಮಾವ? ನಿಮ್ಮ ಮಗನಿಗೆ ಹೇಳಿ ಹೇಳಿಯೇ ಸಾಕಾಗಿದೆ.

ಆದರೂ ಹೇಳಿದೆ. ಮೈಮೇಲೆ ಬಂದರೆ ರೊಟ್ಟಿ ಹಿಡಿದುಕೊಂಡೇ ಬೆನ್ನು ತಿರುಗಿಸಿ ನಿಲ್ಲುವುದು, ನಾಲ್ಕೂ ಕಾಲು ನೆಲಕ್ಕೆ ಬಂದರೆ ಮಾತ್ರ ಚೂರು ಹಾಕುವುದು. ಮೊದಮೊದಲು ನನ್ನ ಸೆರಗೆಲ್ಲ ಜೊಲ್ಲು. ಆಮೇಲೆ ಅವನೇ ಕುಳಿತುಕೊಂಡು ನನ್ನ ಮುಖ ನೋಡತೊಡಗಿದ.

ಒಂದು ಭಾನುವಾರ ಬೀರಪ್ಪನ ಪೂಜೆಗೆಂದು ಅತ್ತೆ ನಿಮ್ಮ ಹಳೆಯ ಕಂಬಳಿಯನ್ನು ಪಡಸಾಲೆಯಲ್ಲಿ ಗದ್ದುಗೆಯಾಗಿ ಹಾಸಿ, ಅರಿಶಿನದ ಭಂಡಾರ ಇಟ್ಟು ಒಳಗೆ ಹೋದರು. ಪೂಜಾರಿ ಮಾಳಿಂಗಪ್ಪನವರು ಬರುವಷ್ಟರಲ್ಲಿ ಸೋಮ ಅದರ ಅಂಚಿಗೆ ಕುಳಿತು ಗುರ್ ಎನ್ನುತ್ತಿದ್ದಾನೆ. ಪೂಜಾರಿಯನ್ನೂ ಬಿಡಲಿಲ್ಲ, ಅತ್ತೆಯನ್ನೂ ಬಿಡಲಿಲ್ಲ. ಎಡೆ ಆರಿ ತಣ್ಣಗಾಯಿತು. ಮಾಳಿಂಗಪ್ಪನವರು ತೆಂಗಿನಕಾಯಿ ಹಿಡಿದು ಅಂಗಳದಲ್ಲೇ ನಿಂತು "ದೇವ್ರು ಈ ಹೊತ್ತು ನಮಗ ಸಿಗಾಂಗಿಲ್ಲೇನವಾ?" ಎಂದರು. ನಗು ತಡೆದುಕೊಳ್ಳುತ್ತಿದ್ದಾಗ ನನಗೆ ಹೊಳೆಯಿತು. ಹೊಲದಲ್ಲಿ ನೀವು ಕಂಬಳಿ ಹಾಸಿ, ಬುತ್ತಿ ಇಟ್ಟು ಹೋದರೆ ಕಾಯುವವನು ಇವನೇ ಅಲ್ಲವೇ? ಪಾಪ, ಅವನ ಕೆಲಸ ಅವನು ಮಾಡುತ್ತಿದ್ದ. ಹೆಸರು ಹಿಡಿದು ಕರೆದು, ರೊಟ್ಟಿ ಚೂರು ದೂರಕ್ಕೆ ಹಾಕಿ, ಅವನು ಎದ್ದ ಕೂಡಲೇ ಕಂಬಳಿ ಮಡಿಸಿದೆ. ಡ್ಯೂಟಿ ಮುಗಿಯಿತೆಂಬಂತೆ ಬಾಲ ಅಲ್ಲಾಡಿಸುತ್ತ ಹೊರಗೆ ಹೋದ.

ಮರುದಿನದಿಂದ ಒಂದು ಹರಕು ಕಂಬಳಿಯ ತುಂಡನ್ನು ಬೇವಿನ ಗಿಡದ ಕೆಳಗೆ ಹಾಸತೊಡಗಿದೆ. ಅದನ್ನು ಎಷ್ಟು ಬೇಕಾದರೂ ಕಾಯಲಿ, ಅದರ ಮೇಲೆ ಯಾರಿಗೂ ಆಸೆಯಿಲ್ಲ. ಯಾರಾದರೂ ಬಂದಾಗ "ಸೋಮಾ, ಕಂಬಳಿ" ಎಂದರೆ ಸಾಕು, ಹೋಗಿ ಮಲಗುತ್ತಾನೆ. ಬುಚ್ಚಮ್ಮ ಈಗ ಅಂಗಳದಲ್ಲಿ ಕುಳಿತು ಚಹಾ ಕುಡಿದೇ ಹೋಗುತ್ತಾಳೆ. ಅಕ್ಷಿತಾ ರಸ್ತೆಯ ಕಡೆ ನಡೆದರೆ ಮಾತ್ರ ಯಾರೂ ಹೇಳದೆಯೇ ಏಳುತ್ತಾನೆ. ಅಡ್ಡ ನಿಂತು, ಮೆಲ್ಲಗೆ ನೂಕಿ, ಕುರಿಮರಿಯನ್ನು ತಿರುಗಿಸಿದಂತೆ ಒಳಗೆ ತಿರುಗಿಸುತ್ತಾನೆ. ಮೊನ್ನೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿದ್ದಾಗ ಅವಳು ಗೇಟು ದಾಟಿದ್ದಳು. ನಾನು ಒಲೆಯ ಮುಂದಿದ್ದೆ. ಬೊಗಳಿದ್ದು ಕೇಳಿ ಓಡಿ ಬಂದರೆ ಅವಳು ಗೋಡೆಗೆ ಒತ್ತಿಕೊಂಡು ಅಳುತ್ತಿದ್ದಾಳೆ, ಇವನು ಅವಳ ಮುಂದೆ ಅಡ್ಡ ನಿಂತಿದ್ದಾನೆ. ಇಂಥವನನ್ನು ನನ್ನ ಮನೆಗೆ ಕಳಿಸಿದಿರಿ. ನಿಮ್ಮ ಋಣ ಹೇಗೆ ತೀರಿಸಲಿ, ಮಾವ? ಬೇಡ ಎಂದು ಅತ್ತವಳೇ ಈಗ ಕೈಮುಗಿದು ಹೇಳುತ್ತಿದ್ದೇನೆ, ನೀವು ನೂರು ಕಾಲ ಬಾಳಬೇಕು.

ಅತ್ತೆ ಎಳ್ಳಿನ ಉಂಡೆ ಕಟ್ಟಿದ್ದಾರೆ, ಜೊತೆಗಾರರಿಗೂ ಕೊಡಿ. ಇವರ ನಮಸ್ಕಾರ. ಬೀರಪ್ಪ ನಿಮ್ಮನ್ನೂ ಹಿಂಡನ್ನೂ ತಣ್ಣಗಿಟ್ಟಿರಲಿ.

ನಿಮ್ಮ ಸೊಸೆ,
ಸುನಿತಾ

ತಾ.ಕ.: ಶೇಖರ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ದನದ ಆಸ್ಪತ್ರೆಯ ಡಾಕ್ಟರು ಇವತ್ತು ಮುಂಜಾನೆ ನೋಡಿ, ಕಾಲು ಪೂರ್ತಿ ವಾಸಿಯಾಗಿದೆ, ಇನ್ನು ಹಿಂಡಿನ ಜೊತೆ ನಡೆಯಬಲ್ಲ ಎಂದರು. ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಲ್ಲಿ ನಿಮಗೆ ಉಳಿದಿರುವುದು ಒಂದೇ ಮುದಿನಾಯಿ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ, ಗಟ್ಟು ಊರಿನ ಕಡೆಯ ನಮ್ಮವರಲ್ಲಿ ಬೇರೆ ನಾಯಿ ಸಿಗುವುದಾದರೆ ಇವನನ್ನು ನನಗೆ ಬಿಡಿ. ಇರಲಿ ಎನ್ನುವುದಾದರೆ ಇವತ್ತೇ ಫೋನ್ ಮಾಡಿ. ಕಳಿಸು ಎನ್ನುವುದಾದರೆ ಫೋನ್ ಬೇಡ ಮಾವ, ಅಂಚೆಗೆ ಕಾಗದ ಹಾಕಿ. ಅದು ಬಂದು ಮುಟ್ಟುವಷ್ಟು ದಿನವಾದರೂ ಇಲ್ಲಿರಲಿ.