ಮಣ್ಣು ಎಂದು ಬರೆದ ನೇರಳೆ

ಮನೆ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯಮ್ಮಾ? ಗೋದಾಮಿನ ಧೂಳಿಗೆ ಮತ್ತೆ ಕೆಮ್ಮು ಬಂದಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿನದು ಮುಂದಿನ ತಿಂಗಳು. ನಿನ್ನಮ್ಮ ಔಷಧಿ ಹನಿಯನ್ನು ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ ಹಾಕುತ್ತಾಳೆ. ಹೇಳಿದರೆ ನನಗೇ ಗದರುತ್ತಾಳೆ.

ಆಪರೇಷನ್ನಿಗೆ ಮುಂಚೆ ಕೈ ಸುಮ್ಮನಿರಲಿಲ್ಲ. ನೀನು ಬಿಟ್ಟುಹೋದ ಜಲವರ್ಣದ ಡಬ್ಬಿ ತೆಗೆದು ಬಣ್ಣದ ಪಟ್ಟಿ ಮಾಡಲು ಕೂತೆ. ನೀನು ಹೇಳುತ್ತಿದ್ದೆಯಲ್ಲ, "ಅಪ್ಪಾ, ಟ್ಯೂಬ್ ಮೇಲಿನ ಹೆಸರು ನಂಬಬೇಡ. ನಮ್ಮ ಕಾಗದ, ನಮ್ಮ ನೀರು, ನಮ್ಮ ಕೈ; ಒಣಗಿದ್ಮೇಲೆ ಕಾಣೋದೇ ನಿಜ" ಅಂತ. ಹಾಗೇ ಮಾಡಿದೆ. ಚೌಕಕ್ಕೊಂದು ಬಣ್ಣ, ಒಂದು ತುದಿ ಗಾಢ, ನೀರು ಬೆರೆಸುತ್ತ ಇನ್ನೊಂದು ತುದಿ ತೆಳು. ಒಣಗಿದ ಮೇಲೆ ನನಗೆ ಕಂಡದ್ದನ್ನು ಕೆಳಗೆ ಬರೆದೆ. ನಿಜ ಹೇಳಬೇಕೆಂದರೆ, ನಿನ್ನ ತಪ್ಪು ತೋರಿಸಲೆಂದೇ ಮಾಡಿದ್ದು. ಪ್ರೆಸ್ಸಿನಲ್ಲಿ ಶಾಯಿ ಬೆರೆಸುತ್ತಲೇ ತಲೆ ನರೆತವನಲ್ಲವೇ ನಾನು! ಅವತ್ತು ಮಕ್ಕಳ ಪುಸ್ತಕಕ್ಕೆ ನೀನು ಬರೆದ ಚಿತ್ರಗಳನ್ನು ನೋಡಿ, ಮನೆಗೆ ಬಂದಿದ್ದ ಪ್ರಕಾಶಕರ ಎದುರಿಗೇ, "ನೆರಳಿಗೆಲ್ಲ ಮಣ್ಣು ಬಳಿದಿದ್ದೀಯಲ್ಲೇ" ಅಂದುಬಿಟ್ಟೆ. ನೀನು "ಅಪ್ಪನ ಕಣ್ಣು ತಪ್ಪಲ್ಲ" ಅಂತ ಅವರ ಕೈಯಿಂದ ಚಿತ್ರಗಳನ್ನು ಹಿಂದಕ್ಕೆ ತೆಗೆದುಕೊಂಡೆ. ವಾರ ಕಳೆಯುವಷ್ಟರಲ್ಲಿ ಡಬ್ಬಿ ಮುಚ್ಚಿಟ್ಟು ಗೋದಾಮಿನ ಕೆಲಸಕ್ಕೆ ಹೊರಟುಹೋದೆ.

ಮೊನ್ನೆ ಹೊಸ ಕಣ್ಣಿನಿಂದ ಆ ಪಟ್ಟಿ ನೋಡಿದೆ. ನಾನು "ಮಣ್ಣು" ಎಂದು ಬರೆದ ಚೌಕ ನೇರಳೆ, ಮಗಳೇ! ತೊಳೆದಿಟ್ಟ ಹಣ್ಣಿನಂಥ ನೇರಳೆ. "ಬೂದಿ" ಎಂದು ಬರೆದದ್ದು ನೀಲಿ. ಬಲಗಣ್ಣು ಮುಚ್ಚಿದರೆ ಮಣ್ಣು, ಎಡಗಣ್ಣು ಮುಚ್ಚಿದರೆ ನೇರಳೆ. ಹುಚ್ಚನ ಹಾಗೆ ಮುಚ್ಚಿ ತೆರೆದು ನೋಡುತ್ತ ಕೂತೆ. ಕೆಳಗಿರುವುದು ನನ್ನದೇ ಅಕ್ಷರ, ಇನ್ನೊಬ್ಬರ ತಲೆಗೆ ಕಟ್ಟುವಂತೆಯೂ ಇಲ್ಲ. ಪೊರೆ ಬಂದದ್ದು ಗೊತ್ತಿತ್ತು. ಓದುವುದಕ್ಕಷ್ಟೇ ಮಂಜು, ಬಣ್ಣಕ್ಕೇನೂ ಆಗಿಲ್ಲ ಎಂಬ ಜಂಬ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಯಾಕ್ರೀ ಕಣ್ಣಲ್ಲಿ ನೀರು?" ಅಂದಳು ನಿನ್ನಮ್ಮ. ಔಷಧಿ ಹನಿ ಎಂದೆ. ನಿನ್ನ ಮುಖ ನೋಡಿ ಇದನ್ನೆಲ್ಲ ಹೇಳುವ ಧೈರ್ಯವಿಲ್ಲ, ಅದಕ್ಕೇ ಈ ಕಾಗದ. ತುಂಬ ನಾಚಿಕೆಯಾಗುತ್ತಿದೆ.

ಅಮ್ಮನ ಆಶೀರ್ವಾದವೂ ಇದರಲ್ಲೇ ಇದೆ. ಕೆಮ್ಮಿದ್ದರೆ ಬಿಸಿನೀರು ಕುಡಿ.

ಸದ್ಯಕ್ಕೆ ಒಂದೇ ಕಣ್ಣಿನ
ನಿನ್ನ ಅಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯ ವಿಷಯವೇ ಬಿಟ್ಟುಹೋಯಿತು. ನಿನ್ನೆ ಆ ಪಟ್ಟಿ ಹಿಡಿದು ಪ್ರಕಾಶಕರ ಆಫೀಸಿಗೆ ಹೋಗಿದ್ದೆ. ಅಲ್ಲಿದ್ದವರೆಲ್ಲರ ಎದುರಿಗೇ ನಿನ್ನ ಬಣ್ಣ, ನನ್ನ ಅಕ್ಷರ ಎರಡನ್ನೂ ತೋರಿಸಿ, ಕೆಟ್ಟಿದ್ದದ್ದು ನನ್ನ ಕಣ್ಣು ಎಂದೆ. ಪುಸ್ತಕದ ಚಿತ್ರದ ಕೆಲಸವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ, ತಿಂಗಳ ಕೊನೆಯವರೆಗೆ ನಿನಗಾಗಿ ಕಾಯುತ್ತಾರಂತೆ. ಚಿತ್ರಗಳು ನಿನ್ನ ಕಪಾಟಿನಲ್ಲೇ ಇವೆ, ನಾನು ಮುಟ್ಟಿಲ್ಲ. ಕೊಡುವುದೋ ಬಿಡುವುದೋ ನೀನೇ ನೋಡು. ನನ್ನನ್ನು ಮಾತ್ರ ಕೇಳಬೇಡ.